ಖಾಲಿ ಸೈಟಿಗೆ ಹೆಚ್ಚು ಕಂದಾಯ: ಶಿವಮೊಗ್ಗದಲ್ಲಿ ಇದು ಬೇಕೇ, ಬೇಡವೇ?

ತುಂಗಾತೀರ

ಒಂದು ಪ್ರಸ್ತಾಪವನ್ನು ಚರ್ಚೆಗೆ ಇಡುತ್ತಿದ್ದೇನೆ. ಶಿವಮೊಗ್ಗ ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ನೀರು, ಚರಂಡಿ, ರಸ್ತೆ ಮೂರೂ ಬಂದಿರುವ ಬಡಾವಣೆಗಳಲ್ಲಿ ಐದು ವರ್ಷ ಕಳೆದರೂ ಖಾಲಿ ಬಿಟ್ಟಿರುವ ನಿವೇಶನಗಳಿಗೆ, ಮನೆ ಕಟ್ಟಿಕೊಂಡವರು ಕೊಡುವುದಕ್ಕಿಂತ ಹೆಚ್ಚು ಆಸ್ತಿ ತೆರಿಗೆ ಹಾಕಬೇಕು. ಈಗಿರುವ ಪದ್ಧತಿ ಇದಕ್ಕೆ ತದ್ವಿರುದ್ಧವಾಗಿದೆ. ಸೈಟನ್ನು ಹಾಗೆಯೇ ಬಿಟ್ಟು ಕಾಂಗ್ರೆಸ್ ಗಿಡ ಬೆಳೆಯಲು ಬಿಟ್ಟವರಿಗೆ ದರ ಕಡಿಮೆ. ಸಾಲ ಮಾಡಿ ಮನೆ ಕಟ್ಟಿದವರಿಗೆ ದರ ಹೆಚ್ಚು.

ಇದರಿಂದ ಊರಿಗೆ ಬೀಳುವ ಹೊರೆ ಎಷ್ಟೆಂದು ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಮೂವತ್ತು ನಲವತ್ತರ ಸೈಟು ರಸ್ತೆಗೆ 30 ಅಡಿ ಮುಖ ಮಾಡಿರುತ್ತದೆ. ರಸ್ತೆಯ ಎರಡೂ ಬದಿಯಲ್ಲಿ ಮನೆಗಳಿದ್ದರೆ ಆ 30 ಅಡಿ ಕೊಳವೆ, ಚರಂಡಿ, ಡಾಂಬರನ್ನು ಎರಡು ಮನೆಗಳು ಹಂಚಿಕೊಳ್ಳುತ್ತವೆ, ಅಂದರೆ ಒಂದು ಮನೆಯ ಪಾಲಿಗೆ 15 ಅಡಿ. ನಾಲ್ಕು ಸೈಟಿನಲ್ಲಿ ಒಂದರಲ್ಲಿ ಮಾತ್ರ ಮನೆ ಎದ್ದಿದ್ದರೆ ಅದೇ ಪಾಲು 60 ಅಡಿಯಾಗುತ್ತದೆ. ಕಸದ ಗಾಡಿ ನಾಲ್ಕು ಪಟ್ಟು ದೂರ ಓಡಬೇಕು, ಯಾರೂ ಇಲ್ಲದ ಬೀದಿಯಲ್ಲಿ ದೀಪ ಉರಿಯಬೇಕು. ಈ ಖರ್ಚನ್ನು ದುರ್ಗಿಗುಡಿಯಲ್ಲೋ ಗೋಪಾಳದಲ್ಲೋ ಒತ್ತೊತ್ತಾಗಿ ವಾಸಿಸುವವರು ಕಟ್ಟುವ ಕಂದಾಯದಿಂದ ಭರಿಸುತ್ತಿದ್ದೇವೆ.

ಇನ್ನು ಆ ಸೈಟಿನ ಬೆಲೆ ಏರಿದ್ದು ಯಾರ ದುಡಿಮೆಯಿಂದ? ಸೋಗಾನೆಯ ವಿಮಾನ ನಿಲ್ದಾಣ ಸುಮಾರು 450 ಕೋಟಿ ರೂಪಾಯಿ ಸಾರ್ವಜನಿಕ ಹಣದಲ್ಲಿ ನಿರ್ಮಾಣವಾಗಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಆ ಯೋಜನೆಯಲ್ಲಿ ನಗರವೊಂದಕ್ಕೆ ಕೇಂದ್ರದ ಪಾಲು 500 ಕೋಟಿ, ರಾಜ್ಯದ ಪಾಲೂ ಅಷ್ಟೇ. ಇಷ್ಟು ಹಣ ಮಣ್ಣಿಗೆ ಬಿದ್ದಾಗ ಮಣ್ಣಿನ ಬೆಲೆ ಏರದೆ ಇರುತ್ತದೆಯೇ? ಏರಿದ ಬೆಲೆಯಲ್ಲಿ ಊರಿಗೆ ಒಂದಂಶವಾದರೂ ಮರಳಬೇಕೆಂದು ಕೇಳುವುದು ಅತಿಯಾಸೆ ಅಲ್ಲ. ಅಮೆರಿಕದ ಅರ್ಥಚಿಂತಕ ಹೆನ್ರಿ ಜಾರ್ಜ್ 1879ರಲ್ಲೇ ಈ ವಾದವನ್ನು ಮುಂದಿಟ್ಟಿದ್ದರು.

ಹೊಸನಗರದ ತೋಟಿಗ

ತುಂಗಾತೀರ ಅವರೇ, ನಿಮ್ಮ ಅಡಿಲೆಕ್ಕ ಸರಿಯಾಗಿಯೇ ಇದೆ, ಆದರೆ ಸೈಟು ಕೊಂಡವರು ಯಾರೆಂಬ ಲೆಕ್ಕವನ್ನು ನೀವು ತೆಗೆದಿಲ್ಲ. ಶಿವಮೊಗ್ಗದ ಹೊರವಲಯದ ಖಾಲಿ ಸೈಟುಗಳಲ್ಲಿ ದೊಡ್ಡ ಪಾಲು ಅಡಿಕೆಯ ದುಡ್ಡು ಎಂಬುದು ಈ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಹೊಸನಗರ, ತೀರ್ಥಹಳ್ಳಿ, ಸಾಗರದ ಬೆಳೆಗಾರ ಆ ದುಡ್ಡನ್ನು ಅಲ್ಲಿ ಯಾಕೆ ಇಡುತ್ತಾನೆಂದು ಕೇಳಿಕೊಳ್ಳಿ. ಒಂದು ವರ್ಷ ಕೊಳೆ ರೋಗ, ಮರುವರ್ಷ ಎಲೆಚುಕ್ಕೆ. ಬೆಲೆ ಒಂದು ಹಂಗಾಮಿನಲ್ಲಿ ಏರಿ ಇನ್ನೊಂದರಲ್ಲಿ ಕುಸಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ ಮೇಲಂತೂ, ಯಾವ ದಿನ ಯಾವ ನ್ಯಾಯಾಲಯ ಏನು ಹೇಳುತ್ತದೋ ಎಂಬ ಭಯ ನಮ್ಮ ಮನೆಗಳನ್ನು ಬಿಟ್ಟಿಲ್ಲ. ಒಂದೇ ಬೆಳೆಯನ್ನು ನಂಬಿ ಕೂತವನು ಒಂದು ತುಂಡು ನೆಲವನ್ನು ಪೇಟೆಯಲ್ಲಿ ಹಿಡಿದಿಟ್ಟುಕೊಂಡರೆ ಅದು ಜೂಜಲ್ಲ, ಆಪದ್ಧನ.

ಎರಡನೆಯದಾಗಿ, ನಮ್ಮ ಕಡೆ ಹಳ್ಳಿಯ ಮನೆಗಳಲ್ಲಿ ಉಳಿದವರು ವಯಸ್ಸಾದವರೇ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಮಳೆಗಾಲದಲ್ಲಿ ಎದೆನೋವು ಬಂದರೆ ಘಟ್ಟದ ರಸ್ತೆಯಲ್ಲಿ ಗಂಟೆಗಟ್ಟಲೆ ಬಂದು ಶಿವಮೊಗ್ಗದ ಆಸ್ಪತ್ರೆಯನ್ನೇ ಸೇರಬೇಕು. ಎಪ್ಪತ್ತು ದಾಟಿದ ಮೇಲೆ ತೋಟ ಬಿಟ್ಟು ಅಲ್ಲಿಗೆ ಹೋಗಿ ಇರಬೇಕೆಂದು ಐವತ್ತರಲ್ಲೇ ಜಾಗ ಮಾಡಿಟ್ಟುಕೊಳ್ಳುವವರನ್ನು ನೀವು ನಿಮ್ಮ ಐದು ವರ್ಷದ ಗಡುವಿನಿಂದ ಶಿಕ್ಷಿಸುತ್ತೀರಿ. ಅವರು ತೆರಿಗೆ ತಾಳಲಾರದೆ ಮಾರಿದರೆ ಕೊಳ್ಳುವವರು ಬಡವರಲ್ಲ, ಹತ್ತು ಸೈಟು ಒಟ್ಟಿಗೆ ಎತ್ತುವ ರಿಯಲ್ ಎಸ್ಟೇಟಿನವರು.

ಕೊನೆಗೆ ಒಂದು ಮಾತು, ಸ್ವಲ್ಪ ಕಟುವೆನಿಸಬಹುದು. ಊರಿನ ಹಿತಕ್ಕಾಗಿ ಮಲೆನಾಡಿನವರು ಬಿಟ್ಟುಕೊಡಬೇಕು ಎಂಬ ಮಾತನ್ನು ಲಿಂಗನಮಕ್ಕಿಯ ಮುಳುಗಡೆಯ ಕಾಲದಿಂದ ಕೇಳುತ್ತಲೇ ಬಂದಿದ್ದೇವೆ. 1964ರಲ್ಲಿ ಆ ಅಣೆಕಟ್ಟು ಮುಗಿಯಿತು, ಸಂತ್ರಸ್ತರ ಭೂಮಿಯ ಹಕ್ಕಿನ ಕಡತಗಳು ಇನ್ನೂ ಮುಗಿದಿಲ್ಲ. 2019ರಲ್ಲಿ ಶರಾವತಿಯ ನೀರನ್ನೇ ಬೆಂಗಳೂರಿಗೆ ಎತ್ತುವ ಯೋಚನೆ ಬಂದಾಗ ಜಿಲ್ಲೆಯೇ ಬಂದ್ ಆಚರಿಸಬೇಕಾಯಿತು.

ಅರ್ಥಶಾಸ್ತ್ರದ ಅಧ್ಯಾಪಕಿ

ಇಬ್ಬರ ಮಾತಿನಲ್ಲೂ ಬೆರೆತುಹೋಗಿರುವ ಒಂದು ವಿಷಯವನ್ನು ಬಿಡಿಸಿ ಹೇಳುತ್ತೇನೆ. ಕಟ್ಟಡದ ಮೇಲಿನ ತೆರಿಗೆಯೂ ನೆಲದ ಮೇಲಿನ ತೆರಿಗೆಯೂ ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಒಂದೇ ಅಲ್ಲ. ಕಟ್ಟಡಕ್ಕೆ ತೆರಿಗೆ ಹೆಚ್ಚಿಸಿದರೆ ಕಟ್ಟುವವರು ಕಡಿಮೆಯಾಗುತ್ತಾರೆ, ಬಾಡಿಗೆ ಏರುತ್ತದೆ. ನೆಲಕ್ಕೆ ತೆರಿಗೆ ಹೆಚ್ಚಿಸಿದರೆ ನೆಲವೇನೂ ಕಡಿಮೆಯಾಗುವುದಿಲ್ಲ, ಅದನ್ನು ಯಾರೂ ತಯಾರಿಸುವುದೂ ಇಲ್ಲ. ಮುಂದೆ ಕಟ್ಟಬೇಕಾದ ತೆರಿಗೆಯನ್ನು ಕೊಳ್ಳುವವನು ಇಂದಿನ ಬೆಲೆಯಲ್ಲೇ ಕಳೆದು ಕೇಳುತ್ತಾನಾದ್ದರಿಂದ ಹೊರೆ ಬೀಳುವುದು ಈಗಿನ ಒಡೆಯನ ಮೇಲೆ, ಅನುಕೂಲವಾಗುವುದು ನಾಳೆ ಕೊಳ್ಳುವವನಿಗೆ. ಆದ್ದರಿಂದ ತೋಟಿಗರ ನೋವು ನಿಜವಾದದ್ದು, ಹಾಗೆಯೇ ಸೈಟಿಲ್ಲದ ಯುವ ದಂಪತಿಗಳಿಗೆ ಆಗುವ ಲಾಭವೂ ನಿಜವಾದದ್ದು. ಅವರು ಈ ಚರ್ಚೆಗೆ ಬಂದಿಲ್ಲ ಎಂಬ ಕಾರಣಕ್ಕೆ ಅವರನ್ನು ಮರೆಯಬಾರದು.

ಇದು ಪುಸ್ತಕದ ಬದನೆಕಾಯಿ ಎನ್ನುವವರಿಗೆ ಪಿಟ್ಸ್‌ಬರ್ಗ್ ನಗರದ ಉದಾಹರಣೆ ಕೊಡಬಹುದು. ಅಮೆರಿಕದ ಆ ಉಕ್ಕಿನ ನಗರ 1913ರಿಂದ 2001ರವರೆಗೆ ನೆಲಕ್ಕೆ ಹೆಚ್ಚು, ಕಟ್ಟಡಕ್ಕೆ ಕಡಿಮೆ ಎಂಬ ಎರಡು ದರದ ತೆರಿಗೆಯನ್ನು ನಡೆಸಿಕೊಂಡು ಬಂತು. ಅದು ನಿಂತದ್ದು ತತ್ತ್ವ ಸೋತದ್ದರಿಂದ ಅಲ್ಲ. ನೆಲದ ಬೆಲೆಯನ್ನು ದೀರ್ಘಕಾಲ ಪರಿಷ್ಕರಿಸದೆ ಬಿಟ್ಟು, ಒಮ್ಮೆಗೇ ಪರಿಷ್ಕರಿಸಿದಾಗ ಜನ ರೊಚ್ಚಿಗೆದ್ದರು. ನಮ್ಮಲ್ಲಿಯೂ ಮಾರ್ಗಸೂಚಿ ಬೆಲೆಯನ್ನು, ಅಂದರೆ ಆಸ್ತಿ ನೋಂದಣಿಗೆ ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಲೆಯನ್ನು, 2023ರ ಅಕ್ಟೋಬರ್‌ನಲ್ಲಿ ಪರಿಷ್ಕರಿಸಿದ್ದು ಹಲವು ವರ್ಷಗಳ ಅಂತರದ ಮೇಲೆ ಎಂಬುದನ್ನು ಗಮನಿಸಿ.

ಪಾಲಿಕೆಗಳ ಬಡತನದ ಬಗ್ಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಒಂದು ವರದಿ ಪ್ರಕಟಿಸಿತ್ತು. ಭಾರತದ ನಗರಾಡಳಿತಗಳ ಆದಾಯ ಜಿಡಿಪಿಯ ಶೇ 1ರ ಆಸುಪಾಸಿನಲ್ಲೇ ದಶಕದಿಂದ ನಿಂತಿದೆ. ಬ್ರೆಜಿಲ್‌ನಲ್ಲಿ ಅದು ಶೇ 7.4, ದಕ್ಷಿಣ ಆಫ್ರಿಕಾದಲ್ಲಿ ಶೇ 6. ಸಂವಿಧಾನದ 74ನೇ ತಿದ್ದುಪಡಿ 18 ಕೆಲಸಗಳ ಪಟ್ಟಿಯನ್ನು ನಗರಾಡಳಿತದ ಮುಂದಿಟ್ಟಿತು, ಹಣದ ಮೂಲವನ್ನು ಮಾತ್ರ ರಾಜ್ಯಗಳ ಮರ್ಜಿಗೆ ಬಿಟ್ಟಿತು.

ಉಕ್ಕಿನೂರಿನವ

ಮೇಡಂ, ಪಿಟ್ಸ್‌ಬರ್ಗ್ ಹೆಸರು ಬಂದದ್ದರಿಂದ ಭದ್ರಾವತಿಯವನಾಗಿ ನಾನು ಸುಮ್ಮನಿರಲಾರೆ. 1950ರಲ್ಲಿ ಆ ನಗರದ ಜನಸಂಖ್ಯೆ ಸುಮಾರು 6.77 ಲಕ್ಷ, 2010ರಲ್ಲಿ 3.06 ಲಕ್ಷ. ನಿಮ್ಮ ಎರಡು ದರದ ತೆರಿಗೆ ಜಾರಿಯಲ್ಲಿದ್ದ ಕಾಲದಲ್ಲೇ ಅರ್ಧಕ್ಕಿಂತ ಹೆಚ್ಚು ಜನ ಊರು ಬಿಟ್ಟರು. ಉಕ್ಕು ಹೋದರೆ ತೆರಿಗೆಯ ದರ ಯಾರನ್ನೂ ಹಿಡಿದಿಡುವುದಿಲ್ಲ.

ನಮ್ಮೂರಿನದೂ ಅದೇ ಕಥೆ. 2001ರ ಜನಗಣತಿಯಲ್ಲಿ ಭದ್ರಾವತಿಯಲ್ಲಿದ್ದವರು 1,60,662 ಮಂದಿ, 2011ರಲ್ಲಿ 1,51,102. ಕರ್ನಾಟಕದ ಊರುಗಳೆಲ್ಲ ಬೆಳೆಯುತ್ತಿದ್ದ ದಶಕದಲ್ಲಿ ನಮ್ಮದು ಕುಗ್ಗಿತು. ಅದೇ ಅವಧಿಯಲ್ಲಿ, ಇಪ್ಪತ್ತು ಕಿಲೋಮೀಟರ್ ದೂರ ಕೂಡ ಇಲ್ಲದ ಶಿವಮೊಗ್ಗ 2.74 ಲಕ್ಷದಿಂದ 3.22 ಲಕ್ಷಕ್ಕೆ ಏರಿತು. ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿದಾಗ ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲಿನ ಕಾಡಿನ ಇದ್ದಿಲು, ಭದ್ರೆಯ ನೀರು ಮೂರೂ ಕೈಗೆಟುಕುವಂತಿದ್ದವು. ಜೋಗದ ವಿದ್ಯುತ್ತು ಆಮೇಲೆ ಬಂತು. ಅದಿರು ಮತ್ತು ಇಂಧನ ಭಾರವಾದ ಸರಕುಗಳಾದ್ದರಿಂದ ಕಾರ್ಖಾನೆ ಅವುಗಳ ಬಳಿಗೇ ಹೋಗುತ್ತದೆ ಎಂದು ಜರ್ಮನಿಯ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ವೇಬರ್ 1909ರಲ್ಲಿ ಹೇಳಿದ್ದಕ್ಕೆ ನಮ್ಮೂರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಇದ್ದಿಲಿನ ಕಾಲ ಮುಗಿಯಿತು, ಗಣಿ ಮುಚ್ಚಿತು, ಆಮೇಲೆ ಸ್ವಂತ ಗಣಿಯಿಲ್ಲದ ಕಾರ್ಖಾನೆ ಎಷ್ಟು ದಿನ ನಿಂತೀತು? 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯ ಸದ್ದು ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು; ಪ್ರತಿಭಟನೆಗಳ ನಂತರ ಅದೇ ವರ್ಷ ಕೆಲವು ವಿಭಾಗಗಳು ಮತ್ತೆ ತಿರುಗಿದವು.

ತಯಾರಿಕೆಯ ಒಂದು ಉದ್ಯೋಗ ಊರಿಗೆ ಬಂದರೆ ಅದರ ಸುತ್ತ ಹೋಟೆಲು, ದರ್ಜಿ, ಗ್ಯಾರೇಜು ಎಂದು ಇನ್ನೂ ಒಂದೂವರೆಯಷ್ಟು ಉದ್ಯೋಗ ಹುಟ್ಟುತ್ತದೆ ಎಂದು ಅಮೆರಿಕದ ನಗರಗಳ ಅಂಕಿಅಂಶ ಇಟ್ಟುಕೊಂಡು ಅರ್ಥಶಾಸ್ತ್ರಜ್ಞ ಎನ್ರಿಕೊ ಮೊರೆಟ್ಟಿ 2010ರಲ್ಲಿ ಅಂದಾಜು ಮಾಡಿದ್ದರು. ಹೋಗುವಾಗಲೂ ಅದೇ ಸರಪಳಿ ಹಿಡಿದು ಹೋಗುತ್ತದೆ ಎಂಬುದನ್ನು ನಮ್ಮೂರ ನ್ಯೂಟೌನಿನ ಅಂಗಡಿ ಸಾಲಿನಲ್ಲಿ ನಡೆದರೆ ಯಾರಾದರೂ ತಿಳಿಯಬಹುದು. ಜನ ಹೋದರೂ ಮನೆಗಳು ಹೋಗುವುದಿಲ್ಲ, ಆದ್ದರಿಂದ ಬೆಲೆ ಮಾತ್ರ ಬೀಳುತ್ತದೆ. ಶಿವಮೊಗ್ಗದಲ್ಲಿ ಮನೆಯಿಲ್ಲದ ಸೈಟು, ಭದ್ರಾವತಿಯಲ್ಲಿ ಜನವಿಲ್ಲದ ಕ್ವಾರ್ಟರ್ಸು; ಎರಡನ್ನೂ ಯೋಜಿಸುವ ಪ್ರಾಧಿಕಾರ ಒಂದೇ, ಅದರ ಹೆಸರಿನಲ್ಲೇ ಎರಡೂ ಊರುಗಳಿವೆ. ಹೀಗಿರುವಾಗ ಖಾಲಿ ಸೈಟಿನ ಕಂದಾಯದ ಚರ್ಚೆ ನನಗೆ ಬೇರು ಬಿಟ್ಟು ಎಲೆಗೆ ಔಷಧ ಹೊಡೆಯುವ ಕೆಲಸದಂತೆ ಕಾಣುತ್ತದೆ.

ತುಂಗಾತೀರ

ಉಕ್ಕಿನೂರಿನವರೇ, ತೆರಿಗೆಯಿಂದ ಕಾರ್ಖಾನೆ ಬರುತ್ತದೆ ಎಂದು ಇಲ್ಲಿ ಯಾರೂ ಹೇಳಿಲ್ಲ. ಆದರೆ ನೀವೇ ಕೊಟ್ಟ ಉದಾಹರಣೆಯನ್ನು ಮುಂದುವರಿಸಿ ನೋಡಿ. ಪಿಟ್ಸ್‌ಬರ್ಗ್ ಆಮೇಲೆ ಚೇತರಿಸಿಕೊಂಡದ್ದು ಅಲ್ಲಿನ ವಿಶ್ವವಿದ್ಯಾಲಯಗಳು ಮತ್ತು ಆಸ್ಪತ್ರೆಗಳ ಬಲದಿಂದ. ಶಿವಮೊಗ್ಗ ಇಂದು ಬೆಳೆಯುತ್ತಿರುವುದೂ ಬಹುಮಟ್ಟಿಗೆ ಕಾಲೇಜು, ಆಸ್ಪತ್ರೆ, ಅಡಿಕೆ ಮಂಡಿಗಳಿಂದ. ಇವಕ್ಕೆಲ್ಲ ಜನ ಹತ್ತಿರ ಹತ್ತಿರ ಇರಬೇಕು. ನುರಿತ ಕೆಲಸಗಾರರು ಒಂದೆಡೆ ಸಿಗುವುದು, ಬಿಡಿಭಾಗ ಪೂರೈಸುವವರು ಪಕ್ಕದಲ್ಲೇ ಇರುವುದು, ಕಸುಬಿನ ಒಳಗುಟ್ಟು ಬಾಯಿಂದ ಬಾಯಿಗೆ ಹರಡುವುದು, ನಗರಕ್ಕೆ ಬಲ ಬರುವುದು ಈ ಮೂರರಿಂದ ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಬರೆದರು. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ನಮ್ಮಿಬ್ಬರ ಊರುಗಳ ನಡುವೆಯೇ ಇದೆ. ಅಲ್ಲಿ ದುಡಿಯುವವರು ಭದ್ರಾವತಿಯ ಖಾಲಿ ಮನೆಗಳಲ್ಲಿ ವಾಸಿಸುವಂತಾಗಲು ಬೇಕಾದದ್ದು ಹತ್ತು ನಿಮಿಷಕ್ಕೊಂದು ಬಸ್ಸು. ಅದಕ್ಕೆ ಹಣ ಬೇಕು, ಹಣ ಬರುವ ದಾರಿಯನ್ನೇ ನಾನು ಹೇಳುತ್ತಿರುವುದು.

ಗಾಂಧಿಬಜಾರ್ ವರ್ತಕ

ಹಣ ಬಂದರೆ ಬಸ್ಸು ಬರುತ್ತದೆ ಎಂಬ ನಿಮ್ಮ ನಂಬಿಕೆ ನನಗಿಲ್ಲ. ವಾಣಿಜ್ಯ ಕಟ್ಟಡದವರು ವಾಸದ ಮನೆಯವರಿಗಿಂತ ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟುತ್ತಲೇ ಇದ್ದೇವೆ. ಅದಕ್ಕೆ ಪ್ರತಿಯಾಗಿ ಬಂದದ್ದು ಅಗೆದ ರಸ್ತೆ, ಮತ್ತೆ ಮುಚ್ಚಿದ ರಸ್ತೆ, ಇನ್ನೊಮ್ಮೆ ಅಗೆದ ರಸ್ತೆ. 2018ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2023ರಲ್ಲಿ ಮುಗಿದು ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ಚುನಾಯಿತ ಸದಸ್ಯರಿಲ್ಲದ ಸಂಸ್ಥೆಗೆ ಹೊಸ ತೆರಿಗೆಯ ಅಧಿಕಾರ ಕೊಡಬೇಕೆಂದು ಕೇಳುವವರು ಮೊದಲು ಚುನಾವಣೆಯನ್ನು ಕೇಳಬೇಕಲ್ಲವೇ? ಸ್ಮಾರ್ಟ್ ಸಿಟಿ ಯೋಜನೆಯ ಅವಧಿ 2025ರ ಮಾರ್ಚ್‌ಗೆ ಮುಗಿಯಿತು. ಹೊಳೆದಂಡೆಯಲ್ಲಿ ಕಟ್ಟಿದ್ದನ್ನೂ ನೆಲದಡಿ ಹಾಕಿದ್ದನ್ನೂ ಇನ್ನು ಮುಂದೆ ಪಾಲಿಕೆಯೇ ನೋಡಿಕೊಳ್ಳಬೇಕು. ನಿಮ್ಮ ಹೊಸ ಕಂದಾಯ ಬಸ್ಸಿಗೆ ಹೋಗುವ ಮೊದಲು ಅಲ್ಲಿಗೇ ಹೋಗುತ್ತದೆ.

ಮಾಚೇನಹಳ್ಳಿ ಪಾಳಿ

ನಾನು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವಳು, ಬಾಡಿಗೆ ಮನೆಯಲ್ಲಿ ಇರುವವಳು. ತೆರಿಗೆಗೆ ಹೆದರಿ ಸೈಟಿನವರು ಮನೆ ಕಟ್ಟಿದರೆ ಬಾಡಿಗೆ ಇಳಿಯುತ್ತದೆ ಎಂದು ಅಧ್ಯಾಪಕಿಯವರು ಭಾವಿಸಿದಂತೆ ಕಾಣುತ್ತದೆ. ಕಟ್ಟುವವರು ಕಾಲೇಜು ಮಕ್ಕಳಿಗೆ ಪಿಜಿ ಕಟ್ಟುತ್ತಾರೆ, ಇಲ್ಲವೇ ಎರಡು ಬೆಡ್‌ರೂಮಿನ ಮನೆ ಕಟ್ಟಿ ಮುಂಗಡ ಹಣವೆಂದು ನಮ್ಮ ಆರು ತಿಂಗಳ ಸಂಬಳ ಕೇಳುತ್ತಾರೆ. ನಮಗೆ ಬೇಕಾದದ್ದು ಒಂದು ಕೋಣೆ, ಒಂದು ಅಡುಗೆಮನೆ, ಬೆಳಗಿನ ಪಾಳಿಗೆ ಸಮಯಕ್ಕೆ ಬರುವ ಬಸ್ಸು. ಹೆಚ್ಚುವರಿ ತೆರಿಗೆಯನ್ನು ಯಾವುದಕ್ಕೆ ಖರ್ಚು ಮಾಡುತ್ತೀರಿ ಎಂಬುದನ್ನು ತೆರಿಗೆ ಹಾಕುವ ಆದೇಶದಲ್ಲೇ ಬರೆಯಿರಿ. ಆಮೇಲೆ ನೋಡೋಣ ಎಂದರೆ ಅದು ಎಂದಿಗೂ ಆಗುವುದಿಲ್ಲ.

ಅರ್ಥಶಾಸ್ತ್ರದ ಅಧ್ಯಾಪಕಿ

ಮಾಚೇನಹಳ್ಳಿ ಪಾಳಿಯವರ ಸಲಹೆ ಈವರೆಗೆ ಬಂದವುಗಳಲ್ಲೇ ಹೆಚ್ಚು ಕಾರ್ಯಸಾಧ್ಯವಾದದ್ದು. ವರ್ತಕರ ಅಪನಂಬಿಕೆಗೂ ಅದರಲ್ಲೇ ಅರ್ಧ ಉತ್ತರವಿದೆ. ಕಂದಾಯದ ಹಣ ಬೊಕ್ಕಸದ ಒಟ್ಟು ಮೊತ್ತದಲ್ಲಿ ಸೇರಿ ಕರಗದಂತೆ ಪ್ರತ್ಯೇಕ ಖಾತೆಯಲ್ಲಿಟ್ಟು, ಅದೇ ಬಡಾವಣೆಯ ಚರಂಡಿ ಹಾಗೂ ಬಸ್ಸಿಗೆ ಬಳಸಿ, ಲೆಕ್ಕವನ್ನು ವಾರ್ಡಿನಲ್ಲೇ ಪ್ರಕಟಿಸಬಹುದು.

ಆದರೆ ಈ ಪ್ರಸ್ತಾಪದ ದೊಡ್ಡ ತೂತು ಇದುವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ. ಪಾಲಿಕೆಯ ಗಡಿಯೊಳಗೆ ಖಾಲಿ ಸೈಟಿನ ತೆರಿಗೆ ಹೆಚ್ಚಿಸಿದರೆ ಅಡಿಕೆಯ ದುಡ್ಡು ನಿಲ್ಲುವುದಿಲ್ಲ, ಗಡಿ ದಾಟಿ ಗ್ರಾಮ ಪಂಚಾಯಿತಿಯ ರೆವಿನ್ಯೂ ಸೈಟಿಗೆ ಹರಿಯುತ್ತದೆ. ಭೂಪರಿವರ್ತನೆಯಾಗದ ಗದ್ದೆಯನ್ನು ಗುಂಟೆ ಲೆಕ್ಕದಲ್ಲಿ ಮಾರುವುದು ಈಗಲೇ ನಡೆದಿದೆ. 2025ರಲ್ಲಿ ಸರ್ಕಾರ ಅನಧಿಕೃತ ಬಡಾವಣೆಗಳ ಸ್ವತ್ತುಗಳಿಗೆ ಬಿ ಖಾತೆ (ತೆರಿಗೆ ವಸೂಲಿಗಾಗಿ ಪ್ರತ್ಯೇಕ ವಹಿಯಲ್ಲಿ ಮಾಡುವ ದಾಖಲೆ) ಕೊಡುವ ಅಭಿಯಾನ ನಡೆಸಿದಾಗ ತೆರಿಗೆಯ ಜಾಲಕ್ಕೆ ಅವು ಬಂದದ್ದು ಒಳ್ಳೆಯದೇ ಆಯಿತು, ಆದರೆ ಇಂದು ಅಕ್ರಮವಾಗಿ ಕೊಂಡರೂ ನಾಳೆ ಸಕ್ರಮವಾಗುತ್ತದೆ ಎಂಬ ಧೈರ್ಯವನ್ನೂ ಅದು ಕೊಟ್ಟಿತು. ತುಂಗಾ ನಾಲೆಯ ಕೆಳಗಿನ ಗದ್ದೆಗಳು ಆಷಾಢದ ಮಳೆಯ ನೀರನ್ನು ಹಿಡಿದು ನಿಲ್ಲಿಸುವ ಜಾಗಗಳು. ಅವುಗಳ ಮೇಲೆ ಮಣ್ಣು ತುಂಬಿಸಿದ ಮೇಲೆ ಆ ನೀರು ತಗ್ಗಿನ ಬಡಾವಣೆಗಳನ್ನು ಹುಡುಕಿಕೊಂಡು ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗೆಯೂ ತುಂಬಿ ಬಂದಾಗ ಊರಿನ ತಗ್ಗು ಪ್ರದೇಶಗಳ ಪಾಡು ಏನಾಯಿತೆಂದು ನೋಡಿದ್ದೇವೆ.

ಆದ್ದರಿಂದ ತೆರಿಗೆಯನ್ನು ಪಾಲಿಕೆಯ ಗಡಿಗಲ್ಲ, ಯೋಜನಾ ಪ್ರಾಧಿಕಾರದ ಇಡೀ ವ್ಯಾಪ್ತಿಗೆ ಅನ್ವಯಿಸಬೇಕು. ಹಾಗೆ ಮಾಡಿದರೆ ಭದ್ರಾವತಿಯೂ ಅದರೊಳಗೆ ಬರುತ್ತದೆ. ಅಲ್ಲಿ ನೆಲದ ಬೆಲೆ ಕಡಿಮೆಯಿರುವುದರಿಂದ ತೆರಿಗೆಯೂ ಕಡಿಮೆಯಾಗಿ, ಮನೆ ಕಟ್ಟುವವರಿಗೂ ಕೊಳ್ಳುವವರಿಗೂ ಆ ಕಡೆ ನೋಡಲು ಒಂದು ಕಾರಣ ಸಿಗುತ್ತದೆ.

ಹೊಸನಗರದ ತೋಟಿಗ

ಗಡಿಯ ಬಗ್ಗೆ ಅಧ್ಯಾಪಕಿಯವರು ಹೇಳಿದ್ದನ್ನು ನಾನು ಒಪ್ಪುತ್ತೇನೆ, ಯಾಕೆಂದರೆ ರೆವಿನ್ಯೂ ಸೈಟು ಕೊಂಡು ಕೈಸುಟ್ಟುಕೊಂಡವರಲ್ಲಿ ನಮ್ಮ ಕಡೆಯವರೇ ಹೆಚ್ಚು. ಆದರೂ ಐದು ವರ್ಷದ ಗಡುವಿಗೆ ನನ್ನ ವಿರೋಧ ಹಾಗೆಯೇ ಇದೆ. ಒಂದು ಕುಟುಂಬದ ಒಂದು ಸೈಟನ್ನು ಈ ಹೆಚ್ಚುವರಿ ತೆರಿಗೆಯಿಂದ ಹೊರಗಿಡಿ, ಎರಡನೆಯದರಿಂದ ಬೇಕಾದರೆ ಹಾಕಿ, ನಾಲ್ಕನೆಯದಕ್ಕೆ ದುಪ್ಪಟ್ಟು ಹಾಕಿ. ಅಡಿಕೆಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಎಂದು ಪೇಟೆಯವರು ಆಗಾಗ ಚುಚ್ಚುವುದುಂಟು. ಆ ದುಡ್ಡು ಹತ್ತು ಸೈಟಾಗಿ ನಿಂತಿದ್ದರೆ ಅದರ ಮೇಲೆ ಊರು ಕೈಯಿಟ್ಟರೆ ನನ್ನ ತಕರಾರಿಲ್ಲ.

ತುಂಗಾತೀರ

ಒಂದು ಸೈಟಿನ ವಿನಾಯಿತಿಯನ್ನು ಕೊಟ್ಟರೆ ಗಂಡನ ಹೆಸರಿನಲ್ಲೊಂದು, ಹೆಂಡತಿಯ ಹೆಸರಿನಲ್ಲೊಂದು, ಭಾವಮೈದುನನ ಹೆಸರಿನಲ್ಲೊಂದು ಎಂದು ಹತ್ತೂ ಸೈಟು ವಿನಾಯಿತಿಗೆ ಬರುತ್ತವೆ, ಅದು ನಿಮಗೂ ಗೊತ್ತು. ಅದರ ಬದಲು ವಯಸ್ಸಾದ ಒಡೆಯರಿಗೆ ತೆರಿಗೆಯನ್ನು ಮುಂದೂಡುವ ಅವಕಾಶ ಕೊಡಬಹುದು. ವರ್ಷವರ್ಷವೂ ಕಟ್ಟದೆ, ಸೈಟು ಮಾರುವಾಗಲೋ ಮನೆಯ ನಕ್ಷೆಗೆ ಅನುಮತಿ ಕೇಳುವಾಗಲೋ ಬಾಕಿಯನ್ನು ಒಟ್ಟಿಗೆ ತೀರಿಸಲಿ. ಮನೆ ಕಟ್ಟಿ ತಾವೇ ವಾಸಕ್ಕೆ ಬಂದರೆ ಹೆಚ್ಚುವರಿ ಭಾಗವನ್ನು ಮನ್ನಾ ಮಾಡಲಿ.

ಹೊಸನಗರದ ತೋಟಿಗ

ಮುಂದೂಡುವುದು ಆಗಬಹುದು. ಆದರೆ ಬಾಕಿಯ ಮೇಲೆ ಬಡ್ಡಿ ಹಾಕುತ್ತೀರೋ ಇಲ್ಲವೋ ಎಂಬುದನ್ನು ಮೊದಲು ಹೇಳಿ. ಶೇಕಡಾ ಹನ್ನೆರಡರಂತೆ ಬೆಳೆಯುವ ಬಾಕಿಯಾದರೆ, ನಾವು ಎಪ್ಪತ್ತಕ್ಕೆ ಶಿವಮೊಗ್ಗಕ್ಕೆ ಬರುವ ಹೊತ್ತಿಗೆ ಸೈಟು ಪಾಲಿಕೆಯದೇ ಆಗಿರುತ್ತದೆ.